ಪಟ್ಟೆ ನೋಡುತ್ತಾ ಬೆನ್ನು ಮರೆತಿದ್ದು

ಕೋಳಿ ಪ್ರದರ್ಶನದ ಜಡ್ಜ್ ನನ್ನ ಹುಂಜವನ್ನು ತಲೆ ಮುಂದಾಗಿ ಪಂಜರದಿಂದ ಹೊರತೆಗೆದು, ಎದೆಮೂಳೆಯನ್ನು ಅಂಗೈ ಮೇಲೆ ಕೂರಿಸಿಕೊಂಡು, ಒಂದು ರೆಕ್ಕೆ ಬಿಚ್ಚಿ ನೋಡಿದರು. ಮಡಚಿದರು. ಇನ್ನೊಂದನ್ನೂ ನೋಡಿದರು. ಜುಟ್ಟಿನ ಹಲ್ಲು ಎಣಿಸಿದರು, ಕಾಲ್ಬೆರಳು ಎಣಿಸಿದರು, ಬೆನ್ನ ಪುಕ್ಕಕ್ಕೆ ಉಫ್ ಅಂತ ಊದಿ ಒಳಗಿನ ತುಪ್ಪಟದಲ್ಲೂ ಪಟ್ಟೆ ಇದೆಯಾ ಅಂತ ನೋಡಿದರು. ನಾನು ನಾಲ್ಕು ಪಂಜರ ಆಚೆ ನಿಂತು, ಈ ಹುಂಜಕ್ಕೂ ನನಗೂ ಸಂಬಂಧವೇ ಇಲ್ಲ ಅನ್ನೋ ಥರ ಚಾವಣಿ ನೋಡುತ್ತಿದ್ದೆ. (ಯಾವ ಕೋಳಿ ಯಾರದು ಅಂತ ಜಡ್ಜ್‌ಗೆ ಸುಳಿವು ಕೊಡಬಾರದು. ಅದು ಅಲ್ಲಿನ ಮರ್ಯಾದೆ.) ಕೊನೆಗೆ ಅವರು ಎರಡು ಬೆರಳನ್ನು ಹುಂಜದ ಹೆಗಲ ಮಧ್ಯ ಇಟ್ಟು ಬಾಲದ ತನಕ ಮೆಲ್ಲಗೆ ಜಾರಿಸಿದರು. ಅಲ್ಲಿಗೆ ಮುಗಿಯಿತು. ಐದು ಎಳೆ ಹುಂಜಗಳಲ್ಲಿ ನನ್ನದು ಐದನೆಯದು. ಕಾರ್ಡಿನ ಮೇಲೆ ಪೆನ್ಸಿಲ್‌ನಲ್ಲಿ ಗೀಚಿದ್ದು ಇಷ್ಟೇ: ಬಣ್ಣ ಚೆನ್ನಾಗಿದೆ, ಬೆನ್ನು ಕಿರಿದು.

ಕಾರ್ ಹತ್ತುವಾಗ ಸಿಟ್ಟು ಬಂದಿತ್ತು. ಮನೆಗೆ ಬಂದು ಟಾರ್ಚ್ ಹಾಕಿಕೊಂಡು ಗೂಡಿನಲ್ಲಿದ್ದ ಎಲ್ಲ ಕೋಳಿಗಳ ಬೆನ್ನ ಮೇಲೂ ಎರಡೆರಡು ಬೆರಳಿಟ್ಟು ನೋಡಿದೆ. ಒಂದಲ್ಲ ಎರಡಲ್ಲ, ಇಪ್ಪತ್ಮೂರು ಕೋಳಿಗಳ ಬೆನ್ನೂ ಹೆಗಲ ಹತ್ತಿರ ಅಗಲವಾಗಿ ಶುರುವಾಗಿ ಬಾಲದ ಹತ್ತಿರ ಮರದ ಬೆಣೆಯ ಹಾಗೆ ಚೂಪಾಗಿತ್ತು. ಮೂರು ವರ್ಷ ದಿನಾ ಎರಡು ಹೊತ್ತು ಅವುಗಳನ್ನು ನೋಡಿದ್ದೇನೆ. ಇದು ಕಂಡಿರಲಿಲ್ಲ.

ನಾನಿರುವುದು ಅಮೆರಿಕದ ಓಹಿಯೋ ರಾಜ್ಯದಲ್ಲಿ, ಕೊಲಂಬಸ್ ನಗರದಿಂದ ಸ್ವಲ್ಪ ಹೊರಗೆ, ಎರಡು ಎಕರೆ ಜಾಗದಲ್ಲಿ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್. ಊರು ಚನ್ನರಾಯಪಟ್ಟಣದ ಕಡೆ. ಇಲ್ಲಿ ವಸಂತ ಬಂತೆಂದರೆ ದನಕರುಗಳ ಮೇವು ಮಾರುವ ಅಂಗಡಿಗಳಲ್ಲಿ ತಗಡಿನ ತೊಟ್ಟಿ ತುಂಬ ಕೋಳಿಮರಿ ಇಟ್ಟಿರುತ್ತಾರೆ. ಹುಲ್ಲು ಕತ್ತರಿಸೋ ಮಷೀನಿಗೆ ಬ್ಲೇಡ್ ತರಲು ಹೋದವನು ಆರು ಮರಿ ತಂದೆ. ಕಪ್ಪು ಮರಿಗಳು, ತಲೆ ಮೇಲೆ ಬಿಳಿ ಚುಕ್ಕೆ. ಡಬ್ಬಿಯ ಮೇಲೆ ಬಾರ್ಡ್ ಪ್ಲಿಮತ್ ರಾಕ್ ಅಂತ ಬರೆದಿತ್ತು. ದೊಡ್ಡವಾದ ಮೇಲೆ ಮೈ ತುಂಬ ಕಪ್ಪು ಬಿಳಿ ಅಡ್ಡಪಟ್ಟೆ. ದೂರದಿಂದ ನೋಡಿದರೆ ಬೂದಿಗೆ ನೀಲಿ ಬೆರೆಸಿದ ಹಾಗಿನ ಬಣ್ಣ. ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. "ಅಲ್ಲ ಕಣಪ್ಪ, ಕೋಳಿ ಸಾಕೋಕೆ ಅಷ್ಟು ದೂರ ಹೋಗ್ಬೇಕಿತ್ತಾ" ಅಂದಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ಮೊಟ್ಟೆ ಎಷ್ಟಿಡ್ತವೆ?"

ಆಗ ನನಗೆ ಲೆಕ್ಕ ಗೊತ್ತಿರಲಿಲ್ಲ. ಆಮೇಲೂ ಬಹಳ ದಿನ ಗೊತ್ತಿರಲಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ರಸ್ತೆಯಲ್ಲೇ ಎರಡು ಮೈಲಿ ಮುಂದೆ ಒಬ್ಬರು ತಾತ ಇದ್ದಾರೆ. ನಲವತ್ತು ವರ್ಷದಿಂದ ಇದೇ ಪಟ್ಟೆ ಕೋಳಿ ಸಾಕುತ್ತಿದ್ದಾರೆ. ಹುಂಜದ ಕೂಗು ಕೇಳಿ ಒಂದು ದಿನ ತಾವೇ ಕಾರ್ ನಿಲ್ಲಿಸಿ ಬಂದರು. ಬೇಲಿ ಆಚೆಯಿಂದಲೇ ಐದು ನಿಮಿಷ ನೋಡಿ, ಇವು ಒಳ್ಳೆ ಕೋಳಿಗಳು, ಆದರೆ ರಾಕ್ ಅಲ್ಲ ಅಂದರು. ಹೆಸರು ರಾಕ್, ಅಂಗಡಿಯವರು ಹೇಳಿದ್ದೂ ರಾಕ್, ಮತ್ತೆ ಹೇಗಲ್ಲ? ಅವರು ವಾದ ಮಾಡಲಿಲ್ಲ. ಅವರ ಮನೆಗೆ ಕರೆದುಕೊಂಡು ಹೋಗಿ ಒಂದು ಹುಂಜವನ್ನು ನನ್ನ ಕೈಗೆ ಕೊಟ್ಟರು. ನಾಲ್ಕು ಕೆಜಿ ಮೇಲಿತ್ತು. ಎದೆ ಮುಂದೆ ದೋಣಿಯ ಹಾಗೆ ದುಂಡಗೆ, ಬೆನ್ನು ಮಣೆಯ ಹಾಗೆ ಉದ್ದಕ್ಕೂ ಅಗಲ, ಹಳದಿ ಕಾಲು, ಐದೇ ಹಲ್ಲಿನ ನೆಟ್ಟನೆಯ ಜುಟ್ಟು. ಒಂದೊಂದು ಗರಿಯಲ್ಲೂ ಪಟ್ಟೆ ಸ್ಕೇಲ್ ಇಟ್ಟು ಎಳೆದ ಹಾಗೆ. ನಮ್ಮ ಮನೆಯವುಗಳಲ್ಲಿ ಅದೇ ಪಟ್ಟೆ, ಒದ್ದೆ ಕೈಯಲ್ಲಿ ಒರೆಸಿದ ರಂಗೋಲಿಯ ಹಾಗಿತ್ತು.

ಅವತ್ತು ಅವರು ಒಂದು ಹಳೇ ಪುಸ್ತಕವನ್ನೂ ಕೊಟ್ಟರು. ಇಲ್ಲಿನವರು ಸ್ಟ್ಯಾಂಡರ್ಡ್ ಅನ್ನುವುದು ಅದಕ್ಕೇ. ಒಂದೊಂದು ತಳಿಯ ಕೋಳಿ ಹೇಗಿರಬೇಕು ಅಂತ ಕೊಕ್ಕಿನಿಂದ ಕಾಲುಗುರಿನ ತನಕ ಬರೆದಿಟ್ಟ ಪುಸ್ತಕ. ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ ಅಂತ ಒಂದು ಸಂಘ 1873ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ಊರಿನಲ್ಲಿ ಹುಟ್ಟಿತು. ಮರುವರ್ಷವೇ, 1874ರಲ್ಲಿ, ಮೊದಲ ಸ್ಟ್ಯಾಂಡರ್ಡ್ ಬಂತು. ಇಂಗ್ಲೆಂಡಿನವರು ಅದಕ್ಕೂ ಮುಂಚೆ 1865ರಲ್ಲೇ ಒಂದು ಮಾಡಿಕೊಂಡಿದ್ದರು. ಇದಕ್ಕೆಲ್ಲ ಹಿಂದೆ ಒಂದು ಹುಚ್ಚಿದೆ. ಚೀನಾದಿಂದ ಭಾರೀ ಗಾತ್ರದ ಕೋಳಿಗಳು ಹಡಗಿನಲ್ಲಿ ಬಂದಿದ್ದವು, ವಿಕ್ಟೋರಿಯಾ ರಾಣಿಯೂ ಕೋಳಿ ಸಾಕುತ್ತಿದ್ದಳು, 1849ರಲ್ಲಿ ಬೋಸ್ಟನ್‌ನಲ್ಲಿ ಕೋಳಿಗಳದ್ದೇ ಒಂದು ಪ್ರದರ್ಶನ ಇಟ್ಟರೆ ಜನ ಮುಗಿಬಿದ್ದರು. ಎಲ್ಲರ ಹತ್ತಿರವೂ ಕೋಳಿ, ಎಲ್ಲರ ಬಾಯಲ್ಲೂ ಒಂದೊಂದು ಹೊಸ ತಳಿಯ ಹೆಸರು. ಯಾವುದು ಯಾವುದು ಅಂತ ಹೇಳೋರು ಬೇಕಲ್ವಾ? ಅಲ್ಲಿಂದ ಪುಸ್ತಕ. ನನ್ನ ಪಟ್ಟೆ ಕೋಳಿ ಜನರ ಮುಂದೆ ಬಂದಿದ್ದು 1869ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ವುಸ್ಟರ್ ಊರಿನ ಪ್ರದರ್ಶನದಲ್ಲಿ. 1874ರ ಮೊದಲ ಪುಸ್ತಕದಲ್ಲೇ ಅದಕ್ಕೆ ಜಾಗ ಸಿಕ್ಕಿತು.

ಪುಸ್ತಕ ಬಿಚ್ಚಿದರೆ ನನಗೆ ನೆನಪಾಗಿದ್ದು ಬೂಕನಬೆಟ್ಟದ ದನದ ಜಾತ್ರೆ. ನಮ್ಮ ತಾತ ಹಳ್ಳಿಕಾರ್ ಕರು ನೋಡುತ್ತಿದ್ದ ರೀತಿ. ಮೊದಲು ದೂರದಿಂದ ನಡಿಗೆ ನೋಡುವುದು. ಆಮೇಲೆ ಹತ್ತಿರ ಹೋಗಿ ಹಲ್ಲು, ಗೊರಸು, ಕೊಂಬಿನ ಬುಡ, ಕೊನೆಗೆ ಮೈಮೇಲಿನ ಸುಳಿ. ಒಂದು ಸುಳಿ ಎಡವಟ್ಟಾದ ಜಾಗದಲ್ಲಿದ್ದರೆ ಸಾಕು, ಎಷ್ಟು ಚೆಂದದ ಕರುವಾದರೂ ತಾತ ಕೈ ಕೊಡವಿ ಮುಂದೆ ಹೋಗುತ್ತಿದ್ದರು. ಐಬು ಅನ್ನುತ್ತಿದ್ದರು. ಈ ಪುಸ್ತಕದಲ್ಲೂ ಐಬುಗಳೇ ಜಾಸ್ತಿ. ಕೆಲವು ಸಣ್ಣ ಐಬು, ಅಂಕ ಕಳೆಯುತ್ತೆ. ಕೆಲವು ದೊಡ್ಡವು, ಕೋಳಿಯನ್ನೇ ಆಚೆ ಹಾಕುತ್ತೆ. ಜುಟ್ಟಿನ ಪಕ್ಕದಲ್ಲಿ ಒಂದು ಚಿಗುರು ಹಲ್ಲು ಒಡೆದಿದ್ದರೆ ಆಚೆ. ಬಾಲ ಒಂದು ಕಡೆಗೆ ವಾಲಿದ್ದರೆ ಆಚೆ. ನುಣುಪು ಕಾಲಿರಬೇಕಾದ ತಳಿಯಲ್ಲಿ ಬೆರಳ ಸಂದಿಯಲ್ಲಿ ಒಂದು ಮೊಳಕೆ ಪುಕ್ಕ ಸಿಕ್ಕರೂ ಆಚೆ. ತೂಕವೂ ಇದೆ. ಪೂರ್ತಿ ಬೆಳೆದ ಹುಂಜ ಒಂಬತ್ತೂವರೆ ಪೌಂಡ್, ಅಂದರೆ ಸುಮಾರು 4.3 ಕೆಜಿ. ಹ್ಯಾಟೆ ಏಳೂವರೆ ಪೌಂಡ್, ಸುಮಾರು 3.4 ಕೆಜಿ.

ಸುಳಿಗೂ ಉಳುಮೆಗೂ ಏನು ಸಂಬಂಧ ಅಂತ ತಾತನನ್ನು ಕೇಳುವ ಧೈರ್ಯ ನಮಗಿರಲಿಲ್ಲ. ಪಟ್ಟೆಗೂ ಕೋಳಿತನಕ್ಕೂ ಏನು ಸಂಬಂಧ ಅಂತ ಈ ತಾತನನ್ನೂ ನಾನು ಕೇಳಲಿಲ್ಲ. ತಪ್ಪು ಶುರುವಾಗಿದ್ದೇ ಅಲ್ಲಿ ಅನ್ನಿಸುತ್ತೆ.

ಪಟ್ಟೆಯ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನನ್ನನ್ನು ಹಾಳು ಮಾಡಿದ್ದೂ ಅದೇ, ಈ ಹವ್ಯಾಸದಲ್ಲಿ ನನಗೆ ಇವತ್ತಿಗೂ ಮಜಾ ಕೊಡುವುದೂ ಅದೇ. ಮನುಷ್ಯರಲ್ಲಿ ಹೆಣ್ಣಿಗೆ ಎರಡು ಎಕ್ಸ್ ಕ್ರೋಮೋಸೋಮ್, ಗಂಡಿಗೆ ಒಂದು ಎಕ್ಸ್ ಒಂದು ವೈ. ಕೋಳಿಯಲ್ಲಿ ಉಲ್ಟಾ. ಹುಂಜಕ್ಕೆ ಎರಡು ಝಡ್, ಹ್ಯಾಟೆಗೆ ಒಂದು ಝಡ್ ಒಂದು ಡಬ್ಲ್ಯು. ಪಟ್ಟೆ ಬರೆಯುವ ಜೀನ್ ಕೂತಿರುವುದು ಝಡ್ ಮೇಲೆ. ಗರಿ ಬೆಳೆಯುತ್ತಾ ಹೋದಂತೆ ಅದು ಕಪ್ಪು ಬಣ್ಣವನ್ನು ಆಗಾಗ ನಿಲ್ಲಿಸುತ್ತೆ, ನಿಂತ ಕಡೆ ಬಿಳಿ ಪಟ್ಟೆ. ಹುಂಜಕ್ಕೆ ಈ ಜೀನ್ ಎರಡು ಸಲ ಬಿದ್ದಿರುತ್ತೆ, ಹ್ಯಾಟೆಗೆ ಒಂದೇ ಸಲ. ಒಂದೇ ಪಾತ್ರೆಯ ಕಾಫಿ ಡಿಕಾಕ್ಷನ್‌ಗೆ ಒಬ್ಬರಿಗೆ ಎರಡು ಸೌಟು ಹಾಲು, ಇನ್ನೊಬ್ಬರಿಗೆ ಒಂದು ಸೌಟು ಹಾಕಿದ ಹಾಗೆ. ಹಾಗಾಗಿ ಹುಂಜ ತೆಳು ಬಣ್ಣ, ಹ್ಯಾಟೆ ಗಾಢ ಬಣ್ಣ. ಮರಿ ಒಡೆದ ದಿನವೇ ಸ್ವಲ್ಪ ಮಟ್ಟಿಗೆ ಗೊತ್ತಾಗುತ್ತೆ, ಗಂಡು ಮರಿಯ ತಲೆಯ ಬಿಳಿ ಚುಕ್ಕೆ ದೊಡ್ಡದು, ಅಂಚು ಕಲಸಿಕೊಂಡಿರುತ್ತೆ. ಇನ್ನೊಂದು ವಿಚಿತ್ರ ಕೇಳಿ. ಹ್ಯಾಟೆಯ ಆ ಒಂದೇ ಝಡ್ ಹೋಗುವುದು ಗಂಡು ಮಕ್ಕಳಿಗೆ ಮಾತ್ರ. ಅಂದರೆ ಹೆಣ್ಣು ಮರಿಗೆ ಪಟ್ಟೆಯ ಜೀನ್ ಬರುವುದು ಅಪ್ಪನಿಂದ, ಅಮ್ಮನಿಂದ ಅಲ್ಲವೇ ಅಲ್ಲ. ಇದು ಗೊತ್ತಿಲ್ಲದೆ ನಾನು ಮೊದಲ ವರ್ಷ ಚೆಂದದ ಪಟ್ಟೆಯ ಹ್ಯಾಟೆ ಹುಡುಕಿ ಹುಡುಕಿ, ಅದರ ಹೆಣ್ಣು ಮರಿಗಳಲ್ಲಿ ಅಮ್ಮನ ಪಟ್ಟೆ ಯಾಕೆ ಬರಲಿಲ್ಲ ಅಂತ ತಲೆ ಕೆಡಿಸಿಕೊಂಡಿದ್ದೆ.

ಹಳೇ ಕಾಲದ ಶೋಗಳಲ್ಲಿ ಒಂದು ರುಚಿ ಬೆಳೆಯಿತು. ಹುಂಜ ಹ್ಯಾಟೆ ಎರಡೂ ಅಕ್ಕಪಕ್ಕದ ಪಂಜರದಲ್ಲಿ ಒಂದೇ ಬಣ್ಣಕ್ಕೆ ಕಾಣಬೇಕು. ಪ್ರಕೃತಿ ಇದಕ್ಕೆ ಒಪ್ಪುವುದಿಲ್ಲ. ಜನ ಬಿಡಬೇಕಲ್ಲ! ಒಂದು ತಳಿಯನ್ನೇ ಎರಡು ಮನೆ ಮಾಡಿದರು. ಶೋಗೆ ಹೋಗುವ ಹುಂಜಗಳನ್ನು ಹುಟ್ಟಿಸಲು ಒಂದು ವಂಶ. ಅದರಲ್ಲಿ ಹ್ಯಾಟೆಗಳು ಕಪ್ಪಿಗೆ ಹತ್ತಿರ, ಅವು ಶೋ ಮುಖ ನೋಡುವಂತಿಲ್ಲ. ಶೋಗೆ ಹೋಗುವ ಹ್ಯಾಟೆಗಳಿಗೆ ಇನ್ನೊಂದು ವಂಶ. ಅದರಲ್ಲಿ ಹುಂಜಗಳು ಸುಣ್ಣ ಹೊಡೆದ ಹಾಗೆ ಬೆಳ್ಳಗೆ, ಅವೂ ಮನೆಯಲ್ಲೇ. ಇದಕ್ಕೆ ಡಬಲ್ ಮೇಟಿಂಗ್ ಅನ್ನುತ್ತಾರೆ. ನ್ಯೂಯಾರ್ಕ್ ರಾಜ್ಯದ ಅಮೀನಿಯಾ ಊರಿನ ಇ.ಬಿ. ಥಾಂಪ್ಸನ್ ಎಂಬವರ ರಿಂಗ್‌ಲೆಟ್ ಕೋಳಿಗಳು ಈ ಪಟ್ಟೆಯ ಚೂಪಿಗೇ ದೇಶದಲ್ಲೆಲ್ಲ ಹೆಸರಾಗಿದ್ದವು. ಪಂಜರದಲ್ಲಿ ಗೆದ್ದ ಜೋಡಿ ಅಣ್ಣ ತಂಗಿಯ ಹಾಗೆ ಕಾಣುತ್ತಿದ್ದವು, ನಿಜಕ್ಕೂ ಅವಕ್ಕೆ ನಂಟೇ ಇರುತ್ತಿರಲಿಲ್ಲ. ಕೋಳಿ ತರಲು ಹೋದ ರೈತ ಆ ಜೋಡಿಯನ್ನೇ ಕೊಂಡು ಮನೆಗೆ ತಂದು ಕೂಡಿಸಿದರೆ ಅಂದುಕೊಂಡ ಮರಿ ಬರುತ್ತಿರಲಿಲ್ಲ. ಬುದ್ಧಿವಂತಿಕೆ ಅಂದರೆ ಬುದ್ಧಿವಂತಿಕೆ, ಹುಚ್ಚು ಅಂದರೆ ಹುಚ್ಚು. ನನಗೆ ಎರಡನೆಯದೇ ಸರಿ ಅನ್ನಿಸುತ್ತೆ, ಆದರೂ ರಾತ್ರಿ ಎರಡು ಗಂಟೆಗೆ ಎದ್ದು ಕೂತು ಇದರ ಬಗ್ಗೆ ಓದಿದ್ದು ನಾನೇ.

ನಾನು ಎರಡು ಮನೆ ಮಾಡಲಿಲ್ಲ. ಜಾಗವೂ ಇರಲಿಲ್ಲ. ಆದರೆ ತಾತ ಕೊಟ್ಟ ಒಂದು ಹುಂಜ ಎರಡು ಹ್ಯಾಟೆಯಿಂದ ಶುರು ಮಾಡಿ, ಪ್ರತಿ ವರ್ಷ ಪಟ್ಟೆ ಚೂಪಾಗಿರುವ ಮರಿಗಳನ್ನೇ ಉಳಿಸಿಕೊಂಡೆ. ಒಂದೊಂದು ಕೋಳಿಯ ಬೆನ್ನಿನಿಂದ ಒಂದು ಗರಿ ಕಿತ್ತು, ರಟ್ಟಿಗೆ ಅಂಟಿಸಿ, ಕೆಳಗೆ ನಂಬರ್ ಬರೆದು ಡಬ್ಬಿಯಲ್ಲಿಡುತ್ತಿದ್ದೆ. ಆ ಡಬ್ಬಿ ನನ್ನ ಹೆಮ್ಮೆ. ವರ್ಷದಿಂದ ವರ್ಷಕ್ಕೆ ಪಟ್ಟೆ ಸಣ್ಣದಾಗುತ್ತಾ, ನೇರವಾಗುತ್ತಾ, ಬುಡದ ತುಪ್ಪಟದ ತನಕ ಇಳಿಯುತ್ತಾ ಹೋಗಿದ್ದು ಅದರಲ್ಲಿ ಕಾಣುತ್ತೆ. ಆ ಡಬ್ಬಿಯಲ್ಲಿ ಕೋಳಿ ಇರಲಿಲ್ಲ ಅನ್ನುವುದು ನನಗೆ ಹೊಳೆಯಲಿಲ್ಲ.

ಒಂದು ಸುಳಿವು ಬಂದಿತ್ತು. ಪಟ್ಟೆ ಚೂಪಾಗಿ ಬರಬೇಕಾದರೆ ಗರಿ ನಿಧಾನಕ್ಕೆ ಬೆಳೆಯಬೇಕು. ಬೇಗ ಬೇಗ ಬೆಳೆದರೆ ಪಟ್ಟೆ ಅಗಲವಾಗಿ, ಅಂಚು ಕದಡಿಕೊಳ್ಳುತ್ತೆ. ಹಾಗಾಗಿ ನಾನು ಪಟ್ಟೆ ಆರಿಸುತ್ತಿದ್ದೇನೆ ಅಂದುಕೊಂಡು ಆರಿಸುತ್ತಿದ್ದುದು ಗರಿ ನಿಧಾನಕ್ಕೆ ಬರುವ ಮರಿಗಳನ್ನು. ಮೂರನೇ ವರ್ಷದ ಮಾರ್ಚಿನಲ್ಲಿ, ಹೊರಗೆ ಇನ್ನೂ ಹಿಮ ಇದ್ದಾಗ, ಐದು ವಾರದ ಮರಿಗಳು ಬೆನ್ನ ಮೇಲೆ ಪುಕ್ಕವೇ ಇಲ್ಲದೆ ದೀಪದ ಕೆಳಗೆ ಒಂದರ ಮೇಲೊಂದು ಬಿದ್ದು ನಡುಗುತ್ತಿದ್ದವು. ಹನ್ನೊಂದು ಸತ್ತವು. ನಾನು ದೀಪ ಬದಲಾಯಿಸಿದೆ, ಮೇವು ಬದಲಾಯಿಸಿದೆ, ಚಳಿಯನ್ನು ಬೈದೆ. ಡಬ್ಬಿಯನ್ನು ಅನುಮಾನಿಸಲಿಲ್ಲ.

ಅಜ್ಜಿ ಇದ್ದಿದ್ದರೆ ಬೈಯುತ್ತಿದ್ದಳು. ಅವಳ ಹತ್ತಿರ ಪುಸ್ತಕ ಇರಲಿಲ್ಲ, ಆದರೆ ಸ್ಟ್ಯಾಂಡರ್ಡ್ ಇತ್ತು. ಬೆಳಿಗ್ಗೆ ಮಂಕರಿ ಎತ್ತಿ ಕೋಳಿ ಬಿಡುವ ಮುಂಚೆ ಒಂದೊಂದನ್ನೇ ಹಿಡಿದು ಹಿಂದೆ ಬೆರಳಿಟ್ಟು ನೋಡುತ್ತಿದ್ದಳು. ಇವತ್ತು ಮೊಟ್ಟೆ ಇಡೋದು ಯಾವುದು, ಇಡದೇ ಇರೋದು ಯಾವುದು. ಇಡೋದನ್ನು ಒಳಗೇ ಮುಚ್ಚಿಡುತ್ತಿದ್ದಳು, ಇಲ್ಲದಿದ್ದರೆ ಪಕ್ಕದ ಮನೆಯ ಹುಲ್ಲಿನ ಮೆದೆಯಲ್ಲಿ ಇಟ್ಟು ಬರುತ್ತಿದ್ದವು, ಅದಕ್ಕೆ ಜಗಳ ಬೇರೆ. ಕಾವಿಗೆ ಕೂರಿಸುವಾಗ ಬೆಸ ಲೆಕ್ಕ, ಹನ್ನೊಂದೋ ಹದಿಮೂರೋ. ಹದ್ದು ಬಂದಾಗ ಮರಿಗಳನ್ನು ರೆಕ್ಕೆಯೊಳಗೆ ಸೇರಿಸಿಕೊಂಡು ಕೂಗೋ ಹ್ಯಾಟೆ ಮುದಿಯಾದರೂ ಉಳಿಯುತ್ತಿತ್ತು. ಮರಿ ಬಿಟ್ಟು ತಾನು ಓಡೋದು ಮುಂದಿನ ಹಬ್ಬಕ್ಕೆ ಸಾರಾಗುತ್ತಿತ್ತು. ಬಣ್ಣ? ಬಣ್ಣ ಯಾರಿಗೆ ಬೇಕಿತ್ತು. ಕೆಂಪು, ಕರಿ, ಬೂದಿ, ಚುಕ್ಕೆ, ಬೋಳು ಕತ್ತಿನದು, ಎಲ್ಲ ಒಂದೇ ಮಂಕರಿಯಲ್ಲಿ.

ತಮಾಷೆ ಏನೆಂದರೆ ಅಜ್ಜಿಯ ಬೆರಳಿನ ವಿದ್ಯೆ ಇಲ್ಲಿ ಪಾಠವಾಗಿದೆ. ಹ್ಯಾಟೆಯ ಹಿಂಭಾಗದಲ್ಲಿ ಎರಡು ತೆಳು ಮೂಳೆಗಳ ತುದಿ ಕೈಗೆ ಸಿಗುತ್ತೆ. ಮೊಟ್ಟೆ ಇಡುತ್ತಿರುವ ಕೋಳಿಯಲ್ಲಿ ಅವುಗಳ ನಡುವೆ ಎರಡು ಮೂರು ಬೆರಳು ಹಿಡಿಸುವಷ್ಟು ಜಾಗ, ನಿಂತುಹೋಗಿದ್ದರೆ ಒಂದು ಬೆರಳೂ ಕಷ್ಟ. ಹಳದಿ ಚರ್ಮದ ತಳಿಗಳಲ್ಲಿ ಇನ್ನೊಂದು ಗುರುತು ಇದೆ. ಮೊಟ್ಟೆ ಇಡುತ್ತಾ ಹೋದಂತೆ ಮೈಯ ಹಳದಿ ಬಣ್ಣ ಮೊಟ್ಟೆಯ ಒಳಗಿನ ಹಳದಿಗೆ ಹೋಗುತ್ತೆ. ಮೊದಲು ಮೊಟ್ಟೆ ಬರುವ ಜಾಗ ಬಿಳುಚುತ್ತೆ, ಆಮೇಲೆ ಕಣ್ಣಿನ ಅಂಚು, ಕಿವಿ, ಕೊಕ್ಕು, ಕೊನೆಗೆ ಕಾಲು. ಹಾಗಾಗಿ ಸೆಪ್ಟೆಂಬರಿನಲ್ಲಿ ಕಾಲು ಬಿಳುಚಿ, ಪುಕ್ಕ ಹರಿದು, ಭಿಕ್ಷುಕಿಯ ಹಾಗೆ ಕಾಣುವ ಹ್ಯಾಟೆಯೇ ವರ್ಷವೆಲ್ಲ ದುಡಿದವಳು. ಹೊಳೆಯುವ ಹಳದಿ ಕಾಲಿನ ಸುಂದರಿ ಸುಮ್ನೆ ತಿಂದುಕೊಂಡು ಕೂತವಳು. ಶೋನಲ್ಲಿ ಗೆಲ್ಲುವುದು ಈ ಎರಡನೆಯವಳು! ಇದನ್ನು ನಮ್ಮ ರಸ್ತೆಯ ತಾತನ ಮುಂದೆ ಹೇಳಿದೆ. ಅವರು ನಕ್ಕು, ಗೊತ್ತು ಅಂದರು. ಅಷ್ಟೇ.

ಇಡೀ ಪ್ರಪಂಚದ ಕೋಳಿಯ ಕಥೆಯೂ ನನ್ನ ಡಬ್ಬಿಯ ಕಥೆಯ ಹಾಗೇ ಇದೆ ಅನ್ನಿಸುತ್ತೆ, ಉಲ್ಟಾ ದಿಕ್ಕಿನಲ್ಲಿ. ಎರಡನೇ ಮಹಾಯುದ್ಧದ ತನಕ ಅಮೆರಿಕದ ಹಿತ್ತಲಲ್ಲೆಲ್ಲ ಈ ಪಟ್ಟೆ ಕೋಳಿಯದ್ದೇ ರಾಜ್ಯ. ಯುದ್ಧ ಮುಗಿದ ಮೇಲೆ ನಾಳೆಯ ಕೋಳಿ ಅಂತ ಒಂದು ಸ್ಪರ್ಧೆ ಇಟ್ಟರು, ಅದರ ದೇಶಮಟ್ಟದ ಕೊನೆಯ ಸುತ್ತು 1948ರಲ್ಲಿ ಡೆಲಾವೇರ್ ರಾಜ್ಯದಲ್ಲಿ ನಡೆಯಿತು. ಆದರ್ಶ ಕೋಳಿ ಹೇಗಿರಬೇಕು ಅಂತ ಮೇಣದಲ್ಲಿ ಮಾದರಿ ಮಾಡಿಟ್ಟಿದ್ದರು. ಪುಕ್ಕ ಇಲ್ಲ, ಜುಟ್ಟಿಲ್ಲ, ಬರೀ ಎದೆ ತೊಡೆ. ಅದೂ ಒಂದು ಸ್ಟ್ಯಾಂಡರ್ಡೇ ಅಲ್ವಾ? ಗೆದ್ದಿದ್ದು ಕ್ಯಾಲಿಫೋರ್ನಿಯಾದ ಚಾರ್ಲ್ಸ್ ವ್ಯಾಂಟ್ರೆಸ್ ಅವರ ಕೋಳಿ, ಕಾರ್ನಿಷ್ ಮತ್ತು ನ್ಯೂ ಹ್ಯಾಂಪ್‌ಶೈರ್ ತಳಿಗಳ ಬೆರಕೆ. ಮುಂದೆ ಅಂಗಡಿಯ ಬ್ರಾಯ್ಲರ್ ನಿಂತಿದ್ದು ಒಂದು ಕಡೆ ಕಾರ್ನಿಷ್, ಇನ್ನೊಂದು ಕಡೆ ಬಿಳಿ ಪ್ಲಿಮತ್ ರಾಕ್ ಮೇಲೆ, ಅಂದರೆ ನನ್ನ ಪಟ್ಟೆ ಕೋಳಿಯ ಬಿಳೀ ತಂಗಿ. ಈ ಕಾರ್ನಿಷ್ ಯಾರು? ಇಂಗ್ಲೆಂಡಿನಲ್ಲಿ ಅದರ ಹೆಸರು ಇಂಡಿಯನ್ ಗೇಮ್. ನಮ್ಮ ಕಡೆಯ ಅಸೀಲ್ ಹುಂಜದ ರಕ್ತ ಅದರಲ್ಲಿದೆ. ಕೋಳಿ ಕಾಳಗದ ಅಂಕಕ್ಕೆ ಇಳಿಯೋ ಅಸೀಲು ಹಡಗು ಹತ್ತಿ ಕಾರ್ನ್‌ವಾಲ್‌ಗೆ ಹೋಗಿ, ಅಲ್ಲಿಂದ ಅಮೆರಿಕಕ್ಕೆ ಬಂದು, ಕೊನೆಗೆ ಬೆಂಗಳೂರಿನ ಚಿಕನ್ ಅಂಗಡಿಯ ತಂತಿ ಪಂಜರದಲ್ಲಿ ಬಿಳಿ ಬ್ರಾಯ್ಲರ್ ಆಗಿ ಕೂತಿದೆ. ಅಂಕದ ಕಿಚ್ಚು ಎಲ್ಲಿ, ಆರು ವಾರಕ್ಕೆ ತನ್ನ ಮೈ ತಾನೇ ಹೊರಲಾರದ ಈ ಕೋಳಿ ಎಲ್ಲಿ. ತೂಕ ನೋಡಿದರು, ತೂಕ ಬಂತು. ಕಾಲು ನೋಡಲಿಲ್ಲ, ಕಾಲು ಹೋಯಿತು.

ಅಮ್ಮನೂ ಒಮ್ಮೆ ಗಿರಿರಾಜ ಮರಿ ತಂದಿದ್ದಳು. ಹೆಬ್ಬಾಳದ ಪಶುವೈದ್ಯ ಕಾಲೇಜಿನವರು ಹಿತ್ತಲ ಕೋಳಿ ಸಾಕೋರಿಗೆ ಅಂತ ಮಾಡಿದ ಕೋಳಿ, ಬಣ್ಣ ಬಣ್ಣದ್ದು, ನಾಟಿಗಿಂತ ಬೇಗ ತೂಕ ಬರುತ್ತೆ, ಮೊಟ್ಟೆಯೂ ಜಾಸ್ತಿ. ಅಮ್ಮನಿಗೆ ಖುಷಿಯೋ ಖುಷಿ. ಆದರೆ ಕಾವಿಗೆ ಕೂರಲಿಲ್ಲ. "ಇಷ್ಟೊಂದು ಮೊಟ್ಟೆ ಇಡುತ್ತೆ, ಒಂದು ದಿನವಾದ್ರೂ ಅದರ ಮೇಲೆ ಕೂರಲ್ಲ ನೋಡು" ಅಂತ ಫೋನಿನಲ್ಲಿ ದೂರು. ಕೊನೆಗೆ ಆ ಮೊಟ್ಟೆಗಳನ್ನು ಒಂದು ನಾಟಿ ಹ್ಯಾಟೆಯ ಕೆಳಗಿಟ್ಟಳು.

ಐದನೇ ಸ್ಥಾನ ಬಂದ ಮೇಲಿನ ವಾರ ತಾತನ ಮನೆಗೆ ಹೋದೆ. ಅವರು ಏನೂ ಕೇಳಲಿಲ್ಲ. ಇಲ್ಲಿನ ಹಳೇ ಕೋಳಿಯವರ ಬಾಯಲ್ಲಿ ಒಂದು ಮಾತಿದೆ, ಮೊದಲು ಕೊಟ್ಟಿಗೆ ಕಟ್ಟು, ಬಣ್ಣ ಆಮೇಲೆ ಬಳಿ ಅಂತ. ಅದನ್ನು ಅವರು ನನಗೆ ಮೊದಲ ದಿನವೇ ಹೇಳಿದ್ದರಂತೆ. ನನಗೆ ನೆನಪೇ ಇರಲಿಲ್ಲ. ಇನ್ನೆರಡು ಹ್ಯಾಟೆ ಕೊಟ್ಟರು. ಬಣ್ಣ ನೋಡಿದರೆ ನಾಚಿಕೆಯಾಗಬೇಕು, ಪಟ್ಟೆ ಎಲ್ಲ ವಿ ಆಕಾರಕ್ಕೆ ಬಾಗಿದೆ. ಬೆನ್ನು ಮಾತ್ರ ಚಪಾತಿ ಮಣೆ.

ಅಲ್ಲಿಂದ ಲೆಕ್ಕ ಬದಲಾಯಿತು. ಫೆಬ್ರವರಿ ಕೊನೆಗೆ ಅರವತ್ತು ಮೊಟ್ಟೆ ಇನ್‌ಕ್ಯುಬೇಟರ್‌ಗೆ, 37.5 ಡಿಗ್ರಿ, 21 ದಿನ. ಮರಿ ಒಣಗಿದ ತಕ್ಷಣ ಕಾಲ್ಬೆರಳ ನಡುವಿನ ತೆಳು ಚರ್ಮದಲ್ಲಿ ಸಣ್ಣ ತೂತು ಹೊಡೆಯುತ್ತೇನೆ. ಒಂದು ಕಾಲಿಗೆ ಎರಡು ಸಂದಿ, ಎರಡು ಕಾಲಿಗೆ ನಾಲ್ಕು, ತೂತು ಇದ್ದು ಇಲ್ಲದೆ ಒಟ್ಟು ಹದಿನಾರು ಗುರುತು. ಯಾವ ಮರಿ ಯಾರ ಮಗ ಅಂತ ಜೀವಮಾನವಿಡೀ ಗೊತ್ತಾಗುತ್ತೆ. ಆರು ವಾರಕ್ಕೆ ಬೆನ್ನಿಗೆ ಪುಕ್ಕ ಬಂದಿಲ್ಲ ಅಂದರೆ ಅದರ ಪಟ್ಟೆ ಎಷ್ಟೇ ಚೆಂದ ಇರಲಿ ನಾನು ಉಳಿಸಿಕೊಳ್ಳುವುದಿಲ್ಲ. ಎಂಟು ವಾರಕ್ಕೆ ಒಂದು ಸಲ ಆರಿಸುವುದು, ನಾಲ್ಕು ತಿಂಗಳಿಗೆ ಒಂದು ಸಲ, ಆರು ತಿಂಗಳ ಮೇಲೆ ಕೊನೇ ಸಲ. ಅರವತ್ತು ಮೊಟ್ಟೆಯಲ್ಲಿ ನಲವತ್ತೈದು ಮರಿ, ಅದರಲ್ಲಿ ಕೊನೆಗೆ ಉಳಿಯುವುದು ಎರಡು ಹುಂಜ, ಐದಾರು ಹ್ಯಾಟೆ.

ಮಿಕ್ಕವು? ಅಕ್ಕಪಕ್ಕದವರಿಗೆ ಮೊಟ್ಟೆಗೆ ಅಂತ ಕೆಲವು ಹ್ಯಾಟೆ ಹೋಗುತ್ತವೆ. ಹುಂಜಗಳನ್ನು ಯಾರೂ ಕೇಳುವುದಿಲ್ಲ. ಅವನ್ನು ನಾನೇ ಕೊಯ್ಯುತ್ತೇನೆ. ಮೊದಲ ಸಲ ಆಗಲಿಲ್ಲ, ಚಾಕು ಹಿಡಿದು ಅರ್ಧ ಗಂಟೆ ನಿಂತು ವಾಪಸ್ ಬಂದೆ. ಸಣ್ಣವನಿದ್ದಾಗ ಊರಲ್ಲಿ ನೋಡಿ ಬೆಳೆದವನು ನಾನು, ಆದರೂ ತಾನೇ ಮಾಡುವುದು ಬೇರೆ. ಮೊಟ್ಟೆಯಿಂದ ಬಿಡಿಸಿದ ಮರಿ, ನಂಬರ್ ಗೊತ್ತಿರುವ ಮರಿ. ಈಗ ಮಾಡುತ್ತೇನೆ, ಬೇಗ ಮಾಡುತ್ತೇನೆ, ಆ ದಿನ ಜಾಸ್ತಿ ಮಾತಾಡುವುದಿಲ್ಲ. ಫ್ರೀಜರ್ ತುಂಬುತ್ತೆ. ಯುಗಾದಿಯ ಮಾರನೇ ದಿನ ಹೊಸತೊಡಕಿಗೆ ಇಲ್ಲಿನ ನಾಲ್ಕೈದು ಕನ್ನಡದ ಮನೆಯವರು ನಮ್ಮಲ್ಲಿ ಸೇರುತ್ತಾರೆ. ಅಂಗಡಿಯ ಕೋಳಿಯಲ್ಲಿ ಈ ಸಾರು ಬರಲ್ಲ ಕಣೋ ಅಂತ ಬಾಯಿ ಚಪ್ಪರಿಸುತ್ತಾ ಮುದ್ದೆ ಮುರಿಯುತ್ತಾರೆ. ಬೆನ್ನು ಕಿರಿದಾಗಿದ್ದ ಆ ಐದನೇ ಸ್ಥಾನದ ಹುಂಜವೂ ಒಂದು ಯುಗಾದಿಗೆ ಹೀಗೇ ಹೋಯಿತು. ಸ್ವಲ್ಪ ಗಟ್ಟಿ ಇತ್ತು, ಕುಕ್ಕರ್ ಎಂಟು ಸಲ ಕೂಗಬೇಕಾಯಿತು.

ಶೋಗೆ ಹೋಗುವುದನ್ನು ಬಿಟ್ಟಿಲ್ಲ. ಹೋಗುವ ಮುಂಚೆ ರೆಕ್ಕೆಯ ನರದಿಂದ ಒಂದು ಹನಿ ರಕ್ತ ತೆಗೆದು ಪುಲ್ಲೋರಮ್ ಕಾಯಿಲೆಯ ಪರೀಕ್ಷೆ ಆಗಬೇಕು, ತಟ್ಟೆಯ ಮೇಲೆ ಎರಡು ನಿಮಿಷದ ಕೆಲಸ. ಆಮೇಲೆ ಸ್ನಾನ. ಹೌದು, ಕೋಳಿಗೆ ಸ್ನಾನ. ಮೂರು ಟಬ್, ಒಂದರಲ್ಲಿ ಪಾತ್ರೆ ತೊಳೆಯುವ ಸೋಪು, ಒಂದರಲ್ಲಿ ವಿನೆಗರ್, ಕೊನೆಯದರಲ್ಲಿ ಬರೀ ನೀರು. ಬೆಚ್ಚಗಿನ ನೀರಿಗೆ ಬಿಟ್ಟರೆ ಎಂಥ ರೌಡಿ ಹುಂಜವೂ ಕಣ್ಣು ಮುಚ್ಚಿ ತೂಕಡಿಸುತ್ತೆ. ಹೇರ್ ಡ್ರೈಯರ್‌ನಲ್ಲಿ ಒಣಗಿಸಿ ಜುಟ್ಟಿಗೂ ಕಾಲಿಗೂ ವ್ಯಾಸಲೀನ್. ನನ್ನ ಹೆಂಡತಿ ಬಾತ್‌ರೂಮ್ ಬಾಗಿಲಲ್ಲಿ ನಿಂತು ಒಂದು ಸಲ ನೋಡಿದಳು. ಏನೂ ಹೇಳಲಿಲ್ಲ. ಮಾರನೇ ದಿನ ಬೇರೆ ಡ್ರೈಯರ್ ತಂದಳು. ಹಕ್ಕಿ ಜ್ವರ ಬಂದ ವರ್ಷ ಇದ್ಯಾವುದೂ ಇರುವುದಿಲ್ಲ. 2015ರಲ್ಲಿ ಇಡೀ ಓಹಿಯೋದಲ್ಲಿ ಕೋಳಿ ಪ್ರದರ್ಶನಗಳನ್ನೇ ರದ್ದು ಮಾಡಿದ್ದರು ಅಂತ ಹಳಬರು ಈಗಲೂ ಹೇಳುತ್ತಿರುತ್ತಾರೆ.

ಜಡ್ಜ್‌ಗಳ ಮೇಲೆ ನನಗೆ ಈಗ ಸಿಟ್ಟಿಲ್ಲ. ಪುಸ್ತಕದ ಮೇಲೂ ಇಲ್ಲ. ಅದರಲ್ಲಿ ಬೆನ್ನು, ಎದೆ, ಕಾಲಿನ ಅಂತರ, ತೂಕದ ಬಗ್ಗೆ ಬರೆದಿರುವುದನ್ನು ಓದಿದರೆ ಕೋಳಿ ಸಾಕಿ ಬದುಕಿದ ಜನ ಬರೆದಿದ್ದಾರೆ ಅಂತ ಗೊತ್ತಾಗುತ್ತೆ. ಅಗಲ ಬೆನ್ನಿನ ಒಳಗೆ ಕರುಳಿಗೆ, ಮೊಟ್ಟೆಗೆ ಜಾಗ ಇರುತ್ತೆ. ಕಾಲು ದೂರ ದೂರ ಇದ್ದರೆ ಎದೆಯೂ ಅಗಲ. ಬಣ್ಣದ ಪುಟಗಳನ್ನು ನಾನು ಈಗ ಒಂದು ಆಟದ ನಿಯಮದ ಹಾಗೆ ಓದುತ್ತೇನೆ. ಅದರಲ್ಲೂ ರುಚಿ ಇದೆ, ಸುಳ್ಳು ಹೇಳಲಾರೆ. ಗರಿಯ ಡಬ್ಬಿ ಈಗಲೂ ಇದೆ. ಪಕ್ಕದಲ್ಲಿ ಒಂದು ನೋಟ್‌ಬುಕ್ ಸೇರಿದೆ.

ನೋಟ್‌ಬುಕ್ ಮೊಟ್ಟೆಯದ್ದು. ಯಾವ ಹ್ಯಾಟೆ ಎಷ್ಟಿಟ್ಟಿತು ಅಂತ ತಿಳಿಯಬೇಕಾದರೆ ಒಳಗೆ ಹೋದ ತಕ್ಷಣ ಬಾಗಿಲು ಬೀಳುವ ಪೆಟ್ಟಿಗೆ ಇಡಬೇಕು, ಮೊಟ್ಟೆ ಇಟ್ಟ ಮೇಲೆ ನಾವೇ ಹೋಗಿ ಬಿಡಬೇಕು. ಮನೆಯಿಂದ ಕೆಲಸ ಮಾಡುವವನಾದ್ದರಿಂದ ಸಾಧ್ಯವಾಯಿತು. ಮೀಟಿಂಗ್ ನಡುವೆ ಕ್ಯಾಮೆರಾ ಆಫ್ ಮಾಡಿ ಓಡಿಹೋಗಿ, ಕಾಲಿನ ಉಂಗುರದ ನಂಬರ್ ನೋಡಿ, ಮೊಟ್ಟೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದು ಬರುತ್ತೇನೆ. ಒಂದು ವರ್ಷ ಪೂರ್ತಿ ಮಾಡಿ ಅಮ್ಮನಿಗೆ ಫೋನ್ ಮಾಡಿದೆ. 31ನೇ ನಂಬರ್ 171 ಮೊಟ್ಟೆ ಅಂದೆ. "ಪರವಾಗಿಲ್ಲ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಕಾವಿಗೆ ಕೂರುತ್ತಾ?"

ಹೋದ ನವೆಂಬರಿನಲ್ಲಿ ತಾತ ಬಂದಿದ್ದರು. ಮಂಡಿ ನೋವು, ಕೋಳಿ ಕಮ್ಮಿ ಮಾಡುತ್ತಿದ್ದೇನೆ, ಆದರೆ ಮುಂದಿನ ವರ್ಷಕ್ಕೆ ಒಂದು ಹುಂಜ ಬೇಕು ಅಂದರು. ಅವರದ್ದರಲ್ಲಿ ಯಾವುದೂ ಸರಿ ಬಂದಿಲ್ಲವಂತೆ. ನಾನು ಶೋಗೆ ತೊಳೆದಿಟ್ಟಿದ್ದ ಹುಂಜದ ಪಂಜರ ತೋರಿಸಿದೆ. ಅವರು ಅದನ್ನು ದಾಟಿ ಹೊರಗಿನ ಬೇಲಿಯ ಹತ್ತಿರ ಹೋಗಿ, ಕೆಸರು ಮೆತ್ತಿಕೊಂಡು ಕೆದಕುತ್ತಿದ್ದ ಒಂದನ್ನು ಹಿಡಿದರು. ಎದೆಮೂಳೆ ಅಂಗೈ ಮೇಲೆ. ಜುಟ್ಟಿನ ಹಲ್ಲು ಎಣಿಸಿದರು, ಆರಿತ್ತು. ರೆಕ್ಕೆ ಬಿಚ್ಚಿದರು, ಪಟ್ಟೆ ಸುಮಾರು. ಆಮೇಲೆ ಎರಡು ಬೆರಳು ಹೆಗಲ ಮಧ್ಯ ಇಟ್ಟು ಬಾಲದ ತನಕ ಜಾರಿಸಿದರು, ಇನ್ನೊಂದು ಸಲ ಜಾರಿಸಿದರು.

ಇದರ ಅಮ್ಮ ಯಾವುದು ಅಂತ ಕೇಳಿದರು. ಅದರ ಕಾಲ್ಬೆರಳ ಸಂದಿ ನೋಡಿದೆ. ನೋಟ್‌ಬುಕ್ ತರಲು ಒಳಗೆ ಹೋದೆ. ವಾಪಸ್ ಬರುವಷ್ಟರಲ್ಲಿ ಅವರು ಹುಂಜವನ್ನು ತಮ್ಮ ಟ್ರಕ್ಕಿನ ಪೆಟ್ಟಿಗೆಗೆ ಹಾಕಿ, ಮೇಲೊಂದು ಗೋಣಿ ಹೊದಿಸುತ್ತಿದ್ದರು.